ಹಕ್ಕಿ ಹಬ್ಬದ ಮೊದಲ ದಿನಗಳು

ಕರ್ನಾಟಕದ ಹಕ್ಕಿ ಹಬ್ಬ ಮೊದಲ ಸಲ ನಡೆದದ್ದು 2015ರಲ್ಲಿ, ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ. ಅರಣ್ಯ ಇಲಾಖೆ ಮತ್ತು ರಾಜ್ಯದ ಪರಿಸರ ಪ್ರವಾಸೋದ್ಯಮ ಮಂಡಳಿ ಸೇರಿ ನಡೆಸುವ ಈ ಹಬ್ಬದಲ್ಲಿ ಪೂಜೆಯಿಲ್ಲ, ತೇರಿಲ್ಲ. ವಲಸೆ ಹಕ್ಕಿಗಳು ನಾಡಿನಲ್ಲಿರುವ ಚಳಿಗಾಲದಲ್ಲಿ ಜನ ಒಂದೆಡೆ ಕೂಡುತ್ತಾರೆ. ನಸುಕಿನಲ್ಲೇ ದುರ್ಬೀನು ಹಿಡಿದು ತಂಡ ತಂಡವಾಗಿ ಹೊರಡುತ್ತಾರೆ; ಬಿಸಿಲೇರಿದ ಮೇಲೆ ತಜ್ಞರ ಮಾತು, ಛಾಯಾಚಿತ್ರ ಪ್ರದರ್ಶನ; ಇಳಿಹೊತ್ತಿಗೆ ಮತ್ತೆ ನಡಿಗೆ. ಇಂಗ್ಲೆಂಡಿನ ರಟ್ಲೆಂಡ್ ವಾಟರ್‌ನಲ್ಲಿ 1989ರಲ್ಲೇ ಇಂಥ ಹಕ್ಕಿ ಜಾತ್ರೆ ಶುರುವಾಗಿತ್ತು. ಅಮೆರಿಕದ ಕ್ರಿಸ್‌ಮಸ್ ಹಕ್ಕಿ ಎಣಿಕೆ 1900ರಷ್ಟು ಹಳೆಯದು. ಕರ್ನಾಟಕದ ಹಬ್ಬ ತಡವಾಗಿ ಬಂತು. ಆದರೆ ಅದು ಒಂದೇ ಕಡೆ ನೆಲೆ ನಿಲ್ಲದೆ ವರ್ಷಕ್ಕೊಂದು ಸೀಮೆಗೆ ಹೋಯಿತು. ಆ ತಿರುಗಾಟದ ಬೆಲೆ ತಿಳಿಯಬೇಕಾದರೆ ನಾಡಿನ ಹಕ್ಕಿಗಳ ಲೆಕ್ಕ ಬರೆದಿಟ್ಟವರ ಕಡೆಗೆ ಹೋಗಬೇಕು.

ಏಕೀಕರಣಕ್ಕೆ ಮೊದಲು ಕನ್ನಡ ನಾಡಿನಂತೆ ಅದರ ಹಕ್ಕಿಗಳ ಪಟ್ಟಿಯೂ ಹರಿದು ಹಂಚಿಹೋಗಿತ್ತು. ಬೆಳಗಾವಿ, ಧಾರವಾಡ ಕಡೆಯ ಹಕ್ಕಿಗಳನ್ನು ಸೇನಾಧಿಕಾರಿ ಇ. ಎ. ಬಟ್ಲರ್ 1881ರಲ್ಲಿ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಪಟ್ಟಿ ಮಾಡಿದ. ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಜೇಮ್ಸ್ ಡೇವಿಡ್‌ಸನ್ 1898ರಲ್ಲಿ ಬರೆದ. ಹೈದರಾಬಾದ್ ಸಂಸ್ಥಾನದ ಸಮೀಕ್ಷೆಯನ್ನು 1930ರ ದಶಕದ ಆರಂಭದಲ್ಲಿ ಪಕ್ಷಿತಜ್ಞ ಸಲೀಂ ಅಲಿ ನಡೆಸಿದರು. ಮೈಸೂರು ಸಂಸ್ಥಾನದ ಸಮೀಕ್ಷೆಯೂ ಅವರದೇ. 1939–40ರಲ್ಲಿ ನಡೆದ ಆ ಕೆಲಸ 1942–43ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಹಾವೇರಿ ಸೀಮೆಯ ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ಸವಣೂರಿನಲ್ಲಿ ನವಾಬರ ಆಳ್ವಿಕೆ. ಹೀಗಾಗಿ ಸವಣೂರಿನ ಬಳಿಯ ಯಲವಿಗಿಯ ಸುತ್ತಲಿನ ಎರೆಹೊಲಗಳ ಹಕ್ಕಿಗಳು ಮೈಸೂರಿನ ಆ ಸಮೀಕ್ಷೆಯ ಗಡಿಯಾಚೆಯೇ ಉಳಿದವು.

ಮೈಸೂರಿನ ಸಮೀಕ್ಷೆಯ ನೇರ ಫಲವೇ ರಂಗನತಿಟ್ಟು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಕಾವೇರಿಗೆ ಕಟ್ಟಿದ ಅಣೆಕಟ್ಟಿನಿಂದ ಮೂಡಿದ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದನ್ನು ಕಂಡ ಸಲೀಂ ಅಲಿ, ಅದನ್ನು ಕಾಪಾಡುವಂತೆ ಸಂಸ್ಥಾನವನ್ನು ಒಪ್ಪಿಸಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಮುಕ್ಕಾಲು ಶತಮಾನದ ಬಳಿಕ ಮೊದಲ ಹಕ್ಕಿ ಹಬ್ಬ ಅಲ್ಲಿಯೇ ನಡೆದದ್ದು ಸಹಜ, ಸರಿ ಕೂಡ.

ಆದರೆ ಕಾಪಾಡುವ ಕೆಲಸ ಸರ್ಕಾರಿ ಆದೇಶಕ್ಕಾಗಿ ಎಲ್ಲ ಕಡೆಯೂ ಕಾದಿರಲಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯ ಹಿತ್ತಿಲ ಹುಣಸೆಮರದ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮರಿ ಮಾಡುತ್ತವೆ. ಊರವರು ಹಕ್ಕಿಗಳನ್ನು ಓಡಿಸಿದವರಲ್ಲ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ 1976ರಲ್ಲಿ ಈ ಊರನ್ನು ಹೊರಜಗತ್ತಿಗೆ ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ಮರದ ಒಡೆಯರಿಗೆ ಪರಿಹಾರಧನ ಬಂತು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಲು ಊರಿನಲ್ಲೇ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡಿತು, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಹಬ್ಬದ ನಿಜವಾದ ತಳಪಾಯ ಇಂಥ ಊರುಗಳಲ್ಲಿದೆ.

ಹಾವೇರಿ ಸೀಮೆಯ ಕಥೆ ಇಷ್ಟು ಸುಖದ್ದಲ್ಲ. ರಾಣೆಬೆನ್ನೂರಿನ ಕುರುಚಲು ಬಯಲಿನಲ್ಲಿ ಒಂದು ಕಾಲಕ್ಕೆ ಎರೆಭೂತ ಎಂಬ ಹಕ್ಕಿ ಓಡಾಡುತ್ತಿತ್ತು. ಮೊಳಕಾಲಿಗಿಂತ ಎತ್ತರ ನಿಲ್ಲುವ, ಹಾರುವ ಹಕ್ಕಿಗಳಲ್ಲೇ ಅತ್ಯಂತ ಭಾರದವುಗಳ ಸಾಲಿಗೆ ಸೇರುವ ಇದು ನೆಲದ ಮೇಲೆ ಮೊಟ್ಟೆಯಿಟ್ಟು ಬದುಕುವ ಬಯಲ ಜೀವಿ. 1974ರಲ್ಲಿ ಅಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಯಿತು. ಬಯಲಿನ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತ್ತು. ಈ ವನೀಕರಣದ ಪರಿಣಾಮವನ್ನು ಅಧ್ಯಯನ ಮಾಡಿ ಬರೆದವರೂ ನೇಗಿನಹಾಳರೇ. ಮರ ನೆಟ್ಟರೆ ಪರಿಸರಕ್ಕೆ ಒಳ್ಳೆಯದೆಂದು ನಂಬಿದ್ದ ಕಾಲ ಅದು. ತೆರೆದ ಹುಲ್ಲುಗಾವಲೇ ಬೇಕಾದ ಹಕ್ಕಿಗೆ ತೋಪಿನ ನೆರಳು ಮುಳುವಾಯಿತು. ಜಿಂಕೆಗಳು ಉಳಿದವು, ಎರೆಭೂತ ಉಳಿಯಲಿಲ್ಲ. ಕರ್ನಾಟಕದಲ್ಲಿ ಈಗ ಅದರ ಕೊನೆಯ ಆಸರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲು. ಹಕ್ಕಿ ಹಬ್ಬ ಇನ್ನಷ್ಟು ಮೊದಲೇ ಬಂದು, ಬಯಲೂ ಕಾಡಿನಷ್ಟೇ ಬೆಲೆಯುಳ್ಳದ್ದೆಂದು ಸಾರಿದ್ದರೆ ಎಂದು ಅನಿಸದೆ ಇರದು.

ರಂಗನತಿಟ್ಟಿನ ಮರುವರ್ಷ ಹಬ್ಬ ಹಂಪಿ–ದರೋಜಿಗೆ ಹೋಯಿತು. ದರೋಜಿ ಕರಡಿಧಾಮದ ಬಂಡೆಗುಡ್ಡಗಳು ಹಳದಿ ಕೊರಳಿನ ಪಿಕಳಾರಕ್ಕೆ ನೆಲೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಅಲ್ಲಲ್ಲಿ ಮಾತ್ರ ಕಾಣುವ ಈ ಹಕ್ಕಿಗಾಗಿ ದೂರದಿಂದ ಜನ ಬರುತ್ತಾರೆ. ಮುಂದೆ ಸರದಿ ದಾಂಡೇಲಿಯದು. ಅಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಗೂಡಿನ ಕಾಲದಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಹೊಕ್ಕು ಬಾಗಿಲನ್ನು ಮುಚ್ಚಿಕೊಂಡು, ಕೊಕ್ಕು ತೂರುವಷ್ಟೇ ಸೀಳು ಉಳಿಸಿಕೊಳ್ಳುತ್ತದೆ. ಗಂಡು ವಾರಗಟ್ಟಲೆ ಆ ಸೀಳಿನಿಂದಲೇ ಅತ್ತಿ, ಆಲದ ಹಣ್ಣುಗಳನ್ನು ಉಣಿಸುತ್ತದೆ. ಹಳೆಯ ದೊಡ್ಡ ಮರ ಬಿದ್ದರೆ ಒಂದು ಸಂಸಾರವೇ ಬೀಳುತ್ತದೆ. ಆ ಬಳಿಕದ ವರ್ಷಗಳಲ್ಲಿ ಹಬ್ಬ ಬೀದರ್, ಮಂಗಳೂರು, ನಂದಿಬೆಟ್ಟ, ಬಿಳಿಗಿರಿರಂಗನ ಬೆಟ್ಟಗಳನ್ನು ಮುಟ್ಟಿತು. ಹಳೆಯ ಮೈಸೂರು, ಮದ್ರಾಸು, ಮುಂಬೈ, ಹೈದರಾಬಾದ್ ಆಡಳಿತಗಳಿಗೆ ಸೇರಿದ್ದ ನಾಲ್ಕೂ ಸೀಮೆಗಳನ್ನು ಅದು ಕೆಲವೇ ವರ್ಷಗಳಲ್ಲಿ ಸುತ್ತಿತ್ತು. ಬೇರೆ ಬೇರೆ ಪಟ್ಟಿಗಳಲ್ಲಿದ್ದ ಹಕ್ಕಿಗಳನ್ನು ಒಂದೇ ನಾಡಿನ ಹಕ್ಕಿಗಳಾಗಿ ಜನರೆದುರು ನಿಲ್ಲಿಸಿದ್ದು ಈ ಹಬ್ಬದ ಮೊದಲ ದಿನಗಳ ಸಾಧನೆ.

ಯಲವಿಗಿಯ ಜನಕ್ಕೆ ಹಕ್ಕಿ ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಶಿಗ್ಗಾಂವಿಯ ಆಚೆ, ಮುಂಡಗೋಡ ತಾಲ್ಲೂಕಿನಲ್ಲಿ ಅತ್ತಿವೇರಿ ಪಕ್ಷಿಧಾಮವಿದೆ. ಇನ್ನೊಂದು ಕಡೆ, ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಹತ್ತಿರ ಮಾಗಡಿ ಕೆರೆ. ನೀರಾವರಿಗೆಂದು ಕಟ್ಟಿದ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಸುಮಾರು 8,000 ಎಂಬುದು ಅಂದಾಜು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ ಹಿಮಾಲಯವನ್ನು ದಾಟಿ ಬರುವ ಜಾತಿಯಿದು. ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ರಕ್ತ ಇದರದು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ.

ಇವು ಹಗಲೆಲ್ಲ ಕೆರೆಯಲ್ಲಿರುವ ಹಕ್ಕಿಗಳಲ್ಲ. ಹೊತ್ತಿಗೆ ಸರಿಯಾಗಿ ಸಾಲುಗಟ್ಟಿ ಸುತ್ತಲಿನ ಹೊಲಗಳಿಗೆ ಹಾರಿ, ಕಡಲೆ, ಶೇಂಗಾ, ಎಳೆಯ ಪೈರು ಮೇದು ಮರಳುತ್ತವೆ. ತಿನ್ನುವುದು ರೈತರ ಬೆಳೆಯನ್ನೇ. ಆದರೂ ವರ್ಷ ವರ್ಷ ಅವು ಅದೇ ಕೆರೆಗೆ ಬರುತ್ತಿರುವುದರಲ್ಲಿ ಸುತ್ತಲ ಹಳ್ಳಿಗಳ ತಾಳ್ಮೆಯ ಪಾಲು ದೊಡ್ಡದು. ಆ ಪಾಲಿಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಕೆರೆಗಂತೂ ಮನ್ನಣೆ ಬಂದಿದೆ. ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಯಲ್ಲಿ ರಂಗನತಿಟ್ಟು 2022ರಲ್ಲಿ ಕರ್ನಾಟಕದ ಮೊದಲ ತಾಣವಾಯಿತು. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಮಾಗಡಿ ಕೆರೆಯೂ ಆ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು.

ಡಿಸೆಂಬರ್ ರಜೆಯಲ್ಲಿ ಊರಿಗೆ ಬರುವವರಿಗೆ ಹೆಬ್ಬಾತು ನೋಡಲು ಅದೇ ಸರಿಯಾದ ಕಾಲ. ನವೆಂಬರಿನಿಂದ ಫೆಬ್ರವರಿವರೆಗೆ ಹೆಬ್ಬಾತುಗಳು ಕೆರೆಯಲ್ಲಿರುತ್ತವೆ. ಹುಬ್ಬಳ್ಳಿ–ದಾವಣಗೆರೆ ರೈಲುಮಾರ್ಗದಲ್ಲಿರುವ ಯಲವಿಗಿಯಲ್ಲಿ ಇಳಿದರೆ ರಸ್ತೆಯಲ್ಲಿ ಲಕ್ಷ್ಮೇಶ್ವರ, ಅಲ್ಲಿಂದ ಮುಂದೆ ಮಾಗಡಿ.