ಕಾಲುವೆಯೂ ಕಲ್ಲುಗಳೂ

ಡಾರ್ವಿನ್ನನ ಹೆಸರೆತ್ತಿದರೆ ಸಾಕು, ಬೈಬಲ್ಲಿಗೂ ವಿಜ್ಞಾನಕ್ಕೂ ನಡೆದ ಕಾಳಗವೇ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಅಮೆರಿಕದಲ್ಲಿ ಅವನ ಪರವಾಗಿ ಮೊದಲಿಗೇ ನಿಂತು ವಾದಿಸಿದವನು ನಾಸ್ತಿಕನಲ್ಲ, ಶ್ರದ್ಧಾವಂತ ಕ್ರೈಸ್ತ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞ ಏಸಾ ಗ್ರೇ (1810–1888) ಎಂಬ ಈ ವಿದ್ವಾಂಸನ ಕಥೆ ಆ ಕಾಳಗದ ಕಥೆಗಿಂತ ಹೆಚ್ಚು ಬೋಧಪ್ರದವೆಂದು ನನಗೆ ತೋರುತ್ತದೆ.

ತನ್ನ ಸಿದ್ಧಾಂತವನ್ನು ಇನ್ನೂ ಪ್ರಕಟಿಸದಿದ್ದಾಗಲೇ, 1857ರ ಸೆಪ್ಟೆಂಬರಿನಲ್ಲಿ, ಡಾರ್ವಿನ್ನನು ಅದರ ಸಾರಾಂಶವನ್ನು ಗ್ರೇಗೆ ಬರೆದು ಕಳುಹಿಸಿದ್ದನು. ಮರುವರ್ಷ ಲಂಡನ್ನಿನ ಲಿನಿಯನ್ ಸಂಘದಲ್ಲಿ ಆ ಸಿದ್ಧಾಂತವನ್ನು ಮೊದಲು ಮಂಡಿಸಿದಾಗ ಓದಿದ ಬರಹಗಳಲ್ಲಿ ಆ ಪತ್ರದ ಭಾಗವೂ ಒಂದು. 1859ರಲ್ಲಿ ‘ಜೀವಜಾತಿಗಳ ಉಗಮ’ ಹೊರಬಿದ್ದಿತು. ಹಾರ್ವರ್ಡಿನಲ್ಲೇ ಇದ್ದ ಲೂಯಿ ಅಗಾಸಿ ಅದನ್ನು ಬಲವಾಗಿ ವಿರೋಧಿಸಿದನು. ಗ್ರೇ ಮಾತ್ರ 1860ರಲ್ಲಿ ಲೇಖನಗಳನ್ನು ಬರೆದು ಅದರ ಪರವಾಗಿ ನಿಂತನು.

ಅವನ ವಾದ ಇದು: ದೇವರು ಸೃಷ್ಟಿಕರ್ತನೆಂದ ಮಾತ್ರಕ್ಕೆ ಒಂದೊಂದು ಜೀವಜಾತಿಯನ್ನೂ ಬೇರೆ ಬೇರೆಯಾಗಿ ಮಾಡಿದನೆಂದು ಹೇಳಬೇಕಾಗಿಲ್ಲ, ನಿಯಮದ ಮೂಲಕ ನಡೆದ ಸೃಷ್ಟಿಯೂ ಸೃಷ್ಟಿಯೇ. ಇಷ್ಟಕ್ಕೇ ನಿಲ್ಲದೆ ಅವನು ಇನ್ನೊಂದು ಹೆಜ್ಜೆ ಮುಂದಿಟ್ಟನು. ಜೀವಿಗಳಲ್ಲಿ ತಲೆದೋರುವ ಸಣ್ಣಪುಟ್ಟ ವ್ಯತ್ಯಾಸಗಳಿಗೆ ಕಾರಣವೇನೆಂಬುದು ಆಗ ತಿಳಿದಿರಲಿಲ್ಲ. ಹೊಲಕ್ಕೆ ನೀರುಣಿಸುವ ಕಾಲುವೆಗಳಂತೆ ಅವುಗಳನ್ನು ದೇವರೇ ಹಿತವಾದ ದಾರಿಯಲ್ಲಿ ಹರಿಸಿದ್ದಾನೆಂದು ನಂಬಬಾರದೇಕೆ ಎಂದನು.

ಈ ಲೇಖನಗಳನ್ನು ಡಾರ್ವಿನ್ನನು ಎಷ್ಟು ಮೆಚ್ಚಿದನೆಂದರೆ, 1861ರಲ್ಲಿ ಅವು ಕಿರುಹೊತ್ತಗೆಯಾಗಿ ಬರುವಂತೆ ಮಾಡಿ ತಾನೇ ಹಂಚಿದನು. ಆದರೂ ಕಾಲುವೆಯ ಮಾತನ್ನು ಒಪ್ಪಲಾರದೆ ಹೋದನು. ಕಂಬಳಿಹುಳುವಿನ ಜೀವಂತ ದೇಹದೊಳಗೇ ಬೆಳೆದು ಅದನ್ನು ತಿನ್ನುವ ಕಡಜದ ಮರಿಯನ್ನು ಕರುಣಾಮಯನಾದ ದೇವರು ಬೇಕೆಂದೇ ಸೃಷ್ಟಿಸಿದನೆಂದು ತಾನು ಹೇಗೆ ನಂಬಲೆಂದು ಅವನು 1860ರ ಮೇ ತಿಂಗಳಲ್ಲಿ ಗ್ರೇಗೆ ಬರೆದನು. ಇದು ವಾದದಲ್ಲಿ ಗೆಲ್ಲುವುದಕ್ಕಾಗಿ ಕೇಳಿದ ಪ್ರಶ್ನೆಯಲ್ಲ. 1851ರಲ್ಲಿ ಹತ್ತು ವರ್ಷದ ಮಗಳನ್ನು ಮಣ್ಣಿಗಿಟ್ಟ ತಂದೆ ಅವನು. 1868ರ ಗ್ರಂಥದಲ್ಲಿ ಬಹಿರಂಗವಾಗಿಯೇ ಉತ್ತರ ಕೊಟ್ಟನು: ಬೆಟ್ಟದಿಂದ ಉರುಳಿದ ಕಲ್ಲುಗಳನ್ನು ಆರಿಸಿ ಒಬ್ಬನು ಮನೆ ಕಟ್ಟಿದರೆ, ಆ ಮನೆಗೆಂದೇ ಕಲ್ಲುಗಳು ಆ ಆಕಾರ ತಾಳಿದುವೆನ್ನಲಾದೀತೆ?

ಇದರಲ್ಲಿ ಗೆದ್ದವರಾರು? ವ್ಯತ್ಯಾಸಗಳ ಮಟ್ಟಿಗೆ ಡಾರ್ವಿನ್ನನೇ ಎನ್ನಬೇಕು. ಜೀನುಗಳಲ್ಲಿ ಆಗುವ ಮಾರ್ಪಾಟು ಜೀವಿಯ ಅಗತ್ಯವನ್ನು ನೋಡಿಕೊಂಡು ಬರುವುದಿಲ್ಲವೆಂಬುದನ್ನು 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಬ್ಯಾಕ್ಟೀರಿಯಾಗಳ ಮೇಲೆ ನಡೆಸಿದ ಪ್ರಯೋಗ ತೋರಿಸಿತು. ತಿಳಿಯದ ಕಾರಣದ ಜಾಗದಲ್ಲಿ ದೇವರನ್ನು ಕೂರಿಸಿದರೆ, ಕಾರಣ ತಿಳಿದ ದಿನ ದೇವರು ಅಲ್ಲಿಂದ ಏಳಬೇಕಾಗುತ್ತದೆ. ಗ್ರೇಯ ಎರಡನೆಯ ಹೆಜ್ಜೆ ಜಾರಿದ್ದು ಇಲ್ಲಿಯೇ. ಆದರೆ ಅವನ ಮೊದಲ ಹೆಜ್ಜೆಯನ್ನು ಯಾವ ಪ್ರಯೋಗವೂ ಅಲ್ಲಗಳೆದಿಲ್ಲ. ಅಲ್ಲಗಳೆಯುವುದು ಪ್ರಯೋಗದ ಕೆಲಸವೂ ಅಲ್ಲ. ಕಡಜದ ಪ್ರಶ್ನೆಯಾದರೋ ವಿಕಾಸವಾದಕ್ಕಿಂತ ಹಳೆಯದು. ದುಃಖವನ್ನು ಕಂಡ ಆಸ್ತಿಕರೆಲ್ಲರೂ ಅದನ್ನು ಎದುರಿಸಲೇಬೇಕಾಗಿದೆ.

ಕಲ್ಲುಗಳ ಮಾತು ಅಚ್ಚಾದ ಆ ವರ್ಷವೇ ಗ್ರೇ ದಂಪತಿಗಳು ಡಾರ್ವಿನ್ನನ ಮನೆಯಲ್ಲಿ ಅತಿಥಿಗಳಾಗಿ ತಂಗಿದ್ದರು. ಹೂವುಗಳನ್ನು ಕುರಿತ ತನ್ನ 1877ರ ಗ್ರಂಥವನ್ನು ಡಾರ್ವಿನ್ನನು ಅರ್ಪಿಸಿದ್ದು ಗ್ರೇಗೆ. ದೃಢವಾದ ಆಸ್ತಿಕನೂ ವಿಕಾಸವಾದಿಯಾಗಿರಬಲ್ಲನೆಂದು 1879ರಲ್ಲಿ ಒಬ್ಬರಿಗೆ ಬರೆದಾಗ ನಿದರ್ಶನವಾಗಿ ಕೊಟ್ಟ ಹೆಸರುಗಳಲ್ಲಿಯೂ ಗ್ರೇಯದು ಒಂದು. ಸಮನ್ವಯವೆಂದರೆ ಎದುರಾಳಿಯ ಕಠಿಣ ಪ್ರಶ್ನೆಯನ್ನು ಮುಚ್ಚಿಹಾಕುವುದಲ್ಲ. ಅದನ್ನು ಪೂರ್ತಿಯಾಗಿ ಕೇಳಿಸಿಕೊಂಡೂ ತನ್ನ ಶ್ರದ್ಧೆಯನ್ನು ಉಳಿಸಿಕೊಳ್ಳುವುದು.