ಒಂದು ಗುಡಿ, ಎರಡು ಕೈ

1977ರ ಏಪ್ರಿಲ್ 17ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಇಬ್ಬರು ಪಿಯಾನೊ ವಾದಕರು ಒಂದೇ ವೇದಿಕೆಯಲ್ಲಿ ನುಡಿಸಿದರು. 1910ರಲ್ಲಿ ಹುಟ್ಟಿದ ಮೇರಿ ಲೂ ವಿಲಿಯಮ್ಸ್ ಬೂಗಿ-ವೂಗಿ, ಸ್ವಿಂಗ್‌ಗಳ ಕಾಲದಿಂದ ಜಾಝ್ ಜೊತೆಯಲ್ಲೇ ಬೆಳೆದವರು. ಅವರಿಗಿಂತ 19 ವರ್ಷ ಕಿರಿಯರಾದ ಸೆಸಿಲ್ ಟೇಲರ್ ತಾಳದ ಕಟ್ಟನ್ನೇ ಬಿಚ್ಚಿ, ಸ್ವರಗಳನ್ನು ಗೊಂಚಲುಗೊಂಚಲಾಗಿ ಎರಚುವವರು. ಆ ಕಛೇರಿ 1978ರಲ್ಲಿ 'ಎಂಬ್ರೇಸ್ಡ್' ಎಂಬ ಆಲ್ಬಮ್ ಆಗಿ ಬಂತು. ಅದನ್ನು ಕೇಳುವಾಗ ಯಾವ ಸ್ವರ ಯಾರದು ಎಂದು ಗುರುತಿಸಲು ಹೆಚ್ಚು ಕಷ್ಟಪಡಬೇಕಿಲ್ಲ. ಶೈಲಿಯೇ ಹೆಸರು ಹೇಳುತ್ತದೆ. ಅದೇ 1978ರಲ್ಲಿ ಹರ್ಬಿ ಹ್ಯಾನ್ಕಾಕ್ ಮತ್ತು ಚಿಕ್ ಕೊರಿಯ ನೀಡಿದ ಜೋಡಿ ಪಿಯಾನೊ ಕಛೇರಿಗಳ ಧ್ವನಿಮುದ್ರಣ ಹಾಗಲ್ಲ. ಇಬ್ಬರೂ ಮೈಲ್ಸ್ ಡೇವಿಸ್ ಬಳಗದಲ್ಲಿ ಪಳಗಿದವರು. 1968ರಲ್ಲಿ ಒಬ್ಬರು ತೆರವು ಮಾಡಿದ ಜಾಗಕ್ಕೇ ಇನ್ನೊಬ್ಬರು ಬಂದವರು. ಅಲ್ಲಿ ಕಿವಿ ಮತ್ತೆ ಮತ್ತೆ ತಡವರಿಸುತ್ತದೆ, ಯಾರು ಯಾರೆಂದು ಹೊರಗಿನವರು ಯಾರಾದರೂ ಹೇಳಬೇಕಾಗುತ್ತದೆ.

ಶಿಕಾರಿಪುರ ತಾಲ್ಲೂಕಿನ ಒಂದು ಹಳೆಯ ಪ್ರಶ್ನೆಗೆ ನಾನು ಹೊರಳಿದ್ದು ಈ ಎರಡು ಆಲ್ಬಮ್‌ಗಳ ನಡುವಿನ ವ್ಯತ್ಯಾಸದಿಂದ. ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಯಿಂದ ಹೊರಟ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಒಟ್ಟಿಗೆ ದುಡಿದರು. ಅಲ್ಲಿನ ಮದನಿಕೆಯರೆಂಬ ಸ್ತ್ರೀ ಶಿಲ್ಪಗಳಲ್ಲಿ ನಾಲ್ಕು ದಾಸೋಜನವು, ಐದು ಚಾವಣನವು ಎಂದು ಎಣಿಸುತ್ತಾರೆ. ಒಂದೇ ಗುಡಿ, ಒಂದೇ ಬಗೆಯ ಬಳಪದ ಕಲ್ಲು, ಒಂದೇ ವಸ್ತು, ಎರಡು ಕೈ. ಇವರು ವಿಲಿಯಮ್ಸ್–ಟೇಲರ್‌ರಂಥ ಜೋಡಿಯೋ, ಹ್ಯಾನ್ಕಾಕ್–ಕೊರಿಯರಂಥ ಜೋಡಿಯೋ? ಅದನ್ನು ತಿಳಿಯಲು ನಮಗಿರುವ ದಾರಿ ಯಾವುದು?

ಬೇಲೂರಿನ ಶಿಲ್ಪಿ ಯಾರೆಂದು ಊರಲ್ಲಿ ಯಾರನ್ನು ಕೇಳಿದರೂ ಬರುವ ಮೊದಲ ಉತ್ತರ ಐತಿಹ್ಯದ ಜಕಣಾಚಾರಿ. ಅಪ್ಪ ಕಡೆದ ಮೂರ್ತಿಯಲ್ಲಿ ಮಗ ಡಂಕಣಾಚಾರಿ ದೋಷ ತೋರಿಸಿದ್ದು, ಕಲ್ಲಿನೊಳಗಿಂದ ಕಪ್ಪೆ ಹೊರಬಂದದ್ದು, ಕಪ್ಪೆ ಚೆನ್ನಿಗರಾಯನೆಂಬ ಹೆಸರು, ಎಲ್ಲವೂ ಕೇಳಲು ಸೊಗಸು. ಆದರೆ ಬೇಲೂರಿನ ಶಿಲ್ಪಿಗಳು ಕೆತ್ತಿದ ಹೆಸರುಗಳಲ್ಲಿ ಜಕಣಾಚಾರಿ ಇಲ್ಲ. ಅವನ ಊರೆನ್ನುವ ಕೈದಾಳದಲ್ಲಿ ಸಿಗುವ 12ನೆಯ ಶತಮಾನದ ನಡುವಿನ ಶಾಸನವೂ ಅಲ್ಲಿನ ಗುಡಿ ಕಟ್ಟಿಸಿದ ಕೀರ್ತಿಯನ್ನು ಬಾಚಿ ಎಂಬ ಸಾಮಂತನಿಗೆ ಕೊಡುತ್ತದೆ. ಐತಿಹ್ಯದಲ್ಲೂ ಅಪ್ಪ-ಮಗ, ಶಾಸನದಲ್ಲೂ ಅಪ್ಪ-ಮಗ ಎಂಬುದು ಮನಸ್ಸನ್ನು ಎಳೆಯುತ್ತದೆ. ದಾಸೋಜ-ಚಾವಣರ ನೆನಪೇ ಹೆಸರು ಬದಲಿಸಿಕೊಂಡು ಕಥೆಯಾಯಿತೇ? ಹಾಗೆ ಹೇಳಲು ಬೇಕಾದ ಒಂದು ಕೊಂಡಿಯೂ ಇಲ್ಲ. ಎರಡು ಕಡೆ ಅಪ್ಪ-ಮಗ ಇರುವುದು ಸಾಕ್ಷಿಯಾಗದು. ಶಿಲ್ಪಿಗಳ ಕುಲದಲ್ಲಿ ಕಸುಬು ಅಪ್ಪನಿಂದ ಮಗನಿಗೇ ಬರುತ್ತಿತ್ತು. ಆ ಎಳೆಯನ್ನು ಅಲ್ಲಿಗೇ ಬಿಡಬೇಕು.

ಉಳಿದದ್ದು ಕಲ್ಲಿನ ಮೇಲಿನ ಬರಹ. ಬಿ. ಎಲ್. ರೈಸ್ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ಜಿಲ್ಲೆ, ತಾಲ್ಲೂಕಿನ ಪ್ರಕಾರ ಜೋಡಿಸಿದರು. ಹಾಸನ ಜಿಲ್ಲೆ ಐದನೆಯ ಸಂಪುಟ. ಶಿಕಾರಿಪುರ ಏಳರಲ್ಲಿ, ಸೊರಬ ಎಂಟರಲ್ಲಿ. ರಾಜನನ್ನು ಹುಡುಕುವವನಿಗೆ, ದಾನ ಕೊಟ್ಟ ಭೂಮಿಯನ್ನು ಹುಡುಕುವವನಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಊರೂರು ಅಲೆಯುವ ರೂವಾರಿಯನ್ನು, ಅಂದರೆ ಶಿಲ್ಪಿಯನ್ನು, ಹುಡುಕುವವನಿಗೆ ಮಾತ್ರ ಅದು ಅಡ್ಡಗೋಡೆ: ಅವನ ಮನೆ ಒಂದು ಸಂಪುಟದಲ್ಲಿ, ಕೆಲಸ ಇನ್ನೊಂದರಲ್ಲಿ. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ 1919ರಲ್ಲಿ ಬೇಲೂರಿನ ದೇವಾಲಯದ ಮೇಲೆ ಒಂದು ಪುಸ್ತಕವನ್ನೇ ತಂದರು. ರಾಜನ ಸಾಧನೆಯಷ್ಟೇ ಗಮನದಿಂದ ಅವರು ಶಿಲ್ಪಿಗಳ ಹೆಸರನ್ನೂ ಓದಿದರು. ನನ್ನ ಮಟ್ಟಿಗೆ ಇದು ಕನ್ನಡ ನಾಡಿನ ಕಲಾಚರಿತ್ರೆಯ ದೊಡ್ಡ ಉಪಕಾರ.

ಮದನಿಕೆಯರು ಕಂಬದ ಬೋದಿಗೆಯಿಂದ ಸೂರಿನ ಕಡೆಗೆ ಓರೆಯಾಗಿ ನಿಂತಿದ್ದಾರೆ. ಹೊರಗೆ 38, ಒಳಗೆ 4. ತಲೆಯ ಮೇಲೆ ಬಳ್ಳಿಯ ಚಪ್ಪರ, ಅದರ ಎಲೆಗಳ ನಡುವೆ ಕಲ್ಲು ತೂತಾಗಿ ಬೆಳಕು ತೂರುತ್ತದೆ. ಕಣ್ಣು ಮೊದಲು ಹೋಗುವುದು ಕೈಯ ಕನ್ನಡಿಗೆ, ಮುಂಗೈಯ ಗಿಳಿಗೆ. ಹೆಸರಿರುವುದು ಕೆಳಗೆ, ಕಾಲಡಿಯ ಪೀಠದ ಅಂಚಿನಲ್ಲಿ. ಅಲ್ಲಿ ಶಿಲ್ಪಿ ತನ್ನ ಹೆಸರು, ಕೆಲವೊಮ್ಮೆ ಅಪ್ಪನ ಹೆಸರು, ಊರು, ಜೊತೆಗೆ ಎದುರಾಳಿ ಶಿಲ್ಪಿಗಳನ್ನು ಸೋಲಿಸುವವನು ಎಂಬರ್ಥದ ಬಿರುದನ್ನೂ ಕೆತ್ತಿಕೊಂಡಿದ್ದಾನೆ. ಇಲ್ಲದಿರುವುದು ಒಂದೇ: ಇಸವಿ.

ಈ ಕೊರತೆ ಸಣ್ಣದಲ್ಲ. ಹೊಯ್ಸಳ ದೊರೆ ವಿಷ್ಣುವರ್ಧನ ಈ ಗುಡಿಯ ದೇವರಾದ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಗುಡಿಯ ಎಲ್ಲವೂ ಆ ವರ್ಷದ್ದಲ್ಲ. ಮೊದಲು ತೆರೆದಿದ್ದ ನವರಂಗಕ್ಕೆ ರಂಧ್ರದ ಕಲ್ಲುತೆರೆಗಳಾದ ಜಾಲಂಧ್ರಗಳನ್ನು ಕೂಡಿಸಿ ಮುಚ್ಚಿದ್ದು ಆಮೇಲೆ. ಹಾಗಿದ್ದರೆ ಮದನಿಕೆಯರೂ ಆಮೇಲೆ ಬಂದಿರಬಹುದಲ್ಲ? ಬೋದಿಗೆಗೂ ಸೂರಿಗೂ ನಡುವೆ ಆ ಕಲ್ಲು ಕೂರಲು ಮೊದಲೇ ಜಾಗವಿತ್ತೆಂಬುದು ಮೂಲ ಕಟ್ಟಡದ ಪರವಾದ ವಾದ. ಪೀಠದ ಅಕ್ಷರಗಳ ರೂಪವೂ ವಿಷ್ಣುವರ್ಧನನ ಕಾಲಕ್ಕೆ ಹೊಂದುತ್ತದೆಂಬುದು ಇನ್ನೊಂದು. ಮೊದಲನೆಯದು ನನಗೆ ಹೆಚ್ಚು ಗಟ್ಟಿ ಎನಿಸುತ್ತದೆ. ಅಕ್ಷರದ ರೂಪ ಇಪ್ಪತ್ತು-ಮೂವತ್ತು ವರ್ಷಗಳ ಅಂತರವನ್ನು ಖಚಿತವಾಗಿ ಹೇಳಲಾರದು.

ಬಳ್ಳಿಗಾವಿಯ ಕಡೆಯಿಂದ ಹುಡುಕಿದರೆ ಬೇರೊಂದು ತೊಡಕು. ಅದು ಬನವಾಸಿ ಹನ್ನೆರಡು ಸಾವಿರ ಪ್ರಾಂತದ ರಾಜಧಾನಿಯಾಗಿ ಮೆರೆದ ಊರು. 1047ರ ಗಂಡಭೇರುಂಡ ಸ್ತಂಭ, 1070ರ ಆಸುಪಾಸಿನ ತ್ರಿಪುರಾಂತಕೇಶ್ವರ, ಶುಕನಾಸಿಯ ಮೇಲೆ ಹೊಯ್ಸಳ ಲಾಂಛನವಿರುವ ಕೇದಾರೇಶ್ವರ, ಇಷ್ಟು ಕೆಲಸ ನಡೆದಲ್ಲಿ ಶಿಲ್ಪಿಗಳ ಮನೆತನಗಳು ನೆಲೆಸಿದ್ದು ಸಹಜ. ಆದರೆ ಆ ಸುತ್ತಿನಲ್ಲಿ ದಾಸೋಜನೆಂಬ ಹೆಸರು ಯಾವ ಕಲ್ಲಿನಲ್ಲಿ ಕಂಡರೂ ಕೂಡಲೇ ಹಿಗ್ಗುವಂತಿಲ್ಲ. ಓಜ ಎಂದು ಮುಗಿಯುವ ಹೆಸರುಗಳು ನಾಡಿನ ತುಂಬ ಇವೆ, ತಾತನ ಹೆಸರು ಮೊಮ್ಮಗನಿಗೆ ಬರುತ್ತದೆ. ಹೆಸರು, ಸಂಬಂಧ, ಕಾಲ ಮೂರೂ ಕೂಡಬೇಕು. ಹೆಸರೊಂದೇ ಕೂಡಿದರೆ ಅದು ಬರೀ ಸುಳಿವು.

ಗಂಟು ಸಡಿಲವಾದದ್ದು ಬೇರೆ ದಾರಿಯಿಂದ. ಅಪ್ಪನ ಬರಹವನ್ನೂ ಮಗನ ಬರಹವನ್ನೂ ನಾನು ಅಲ್ಲಿಯವರೆಗೆ ಬೇರೆ ಬೇರೆಯಾಗಿಯೇ ಓದುತ್ತಿದ್ದೆ. ಪಕ್ಕಪಕ್ಕ ಇಟ್ಟರೆ ಅವು ಇಸವಿ ಇಲ್ಲದೆಯೂ ಕಾಲ ಹೇಳುತ್ತವೆ. ಚಾವಣ ಅಪ್ಪನ ಕೈಕೆಳಗಿನ ಹುಡುಗನಾಗಿದ್ದರೆ ಅವನ ಹೆಸರು ಪೀಠಕ್ಕೆ ಏರುತ್ತಿರಲಿಲ್ಲ. ಅಪ್ಪನಿಗಿಂತ ಒಂದು ಹೆಚ್ಚೇ ಮೂರ್ತಿ ಅವನ ಹೆಸರಲ್ಲಿರುವುದರಿಂದ ಅವನು ಆಗಲೇ ಸ್ವತಂತ್ರ ರೂವಾರಿ. ಅಂಥ ಮಗನಿರುವ ದಾಸೋಜನಿಗೆ 1117ರಲ್ಲಿ ಕಡಿಮೆಯೆಂದರೂ ನಲವತ್ತು ದಾಟಿರಬೇಕು. ಅಂದರೆ ಅವನು ಉಳಿ ಹಿಡಿದದ್ದು 1090ರ ಆಚೀಚೆ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ತ್ರಿಪುರಾಂತಕೇಶ್ವರ ಇನ್ನೂ ಹೊಸ ಗುಡಿಯಾಗಿದ್ದಾಗ. ಅಪ್ಪ ಕಲಿತದ್ದು ಚಾಲುಕ್ಯರ ಊರಿನಲ್ಲಿ. ಮಗ ಹೆಸರು ಮಾಡಿದ್ದು ಹೊಯ್ಸಳರ ಕೆಲಸದಲ್ಲಿ. ಮದನಿಕೆಯರು ಪ್ರತಿಷ್ಠೆಯ ನಂತರ ಬಂದವರಾದರೆ ಈ ಲೆಕ್ಕವಿಡೀ ಅಷ್ಟು ವರ್ಷ ಮುಂದಕ್ಕೆ ಜರುಗುತ್ತದೆ. ಅಪ್ಪ-ಮಗನ ನಡುವಿನ ಅಂತರ ಮಾತ್ರ ಅಲುಗದು. ಬೇಲೂರಿನಲ್ಲಿ ಗದಗಿನ ನಾಗೋಜನ ಹೆಸರೂ ಇರುವುದು ಈ ಚಿತ್ರಕ್ಕೆ ಬಲ ಕೊಡುತ್ತದೆ: ಚಾಲುಕ್ಯ ಸೀಮೆಯಿಂದ ಹೊಯ್ಸಳರ ಕೆಲಸದ ಕಡೆಗೆ ಹರಿದುಬಂದವರು ಇವರಿಬ್ಬರೇ ಅಲ್ಲ.

ಹಾಗಾದರೆ ಅಪ್ಪನ ಮದನಿಕೆಯಲ್ಲಿ ಚಾಲುಕ್ಯ ಕೈ, ಮಗನದರಲ್ಲಿ ಹೊಯ್ಸಳ ಕೈ ಎನ್ನಬಹುದೇ? ಇಲ್ಲಿ ಸೊರಬ ತಾಲ್ಲೂಕು ನನ್ನನ್ನು ತಡೆಯುತ್ತದೆ. ಕುಪ್ಪಟೂರಿನ ಕೈಟಭೇಶ್ವರ ದೇವಾಲಯವನ್ನು ಭಾರತೀಯ ಪುರಾತತ್ತ್ವ ಇಲಾಖೆ ಹೊಯ್ಸಳ ಶೈಲಿಯದೆಂದು ವರ್ಗೀಕರಿಸಿದೆ. ದಕ್ಷಿಣದ ಗುಡಿಗಳ ವಾಸ್ತುವನ್ನು ಆಳವಾಗಿ ಓದಿದ ಆಡಮ್ ಹಾರ್ಡಿ ಅದನ್ನು ಉತ್ತರಕಾಲದ ಚಾಲುಕ್ಯ ಶೈಲಿಗೆ ಸೇರಿಸಿ, 11ನೆಯ ಶತಮಾನದ ಕೊನೆಗೆ ಇಡುತ್ತಾರೆ. ಕಣ್ಣೆದುರು ನಿಂತ ಇಡೀ ಗುಡಿಯ ವಿಷಯದಲ್ಲೇ ತಿಳಿದವರು ಒಮ್ಮತಕ್ಕೆ ಬಾರದಿರುವಾಗ, ಒಂದು ಮೂರ್ತಿಯ ಸೊಂಟದ ಬಾಗು ನೋಡಿ ಇದು ಅಪ್ಪನ ಉಳಿ, ಇದು ಮಗನ ಉಳಿ ಎನ್ನುವುದು ದುಡುಕು. ಕುಪ್ಪಟೂರು ನಿಜವಾಗಿ ಹೇಳುವುದು, ದಾಸೋಜ ಬೆಳೆದ ಸೀಮೆಯಲ್ಲಿ ಆ ಎರಡು ಶೈಲಿಗಳ ನಡುವೆ ಗೆರೆಯೇ ಇರಲಿಲ್ಲ ಎಂದು. ಹೊಯ್ಸಳರು ಆಗ ಚಾಲುಕ್ಯರ ಸಾಮಂತರು. ಗೆರೆ ಎಳೆದದ್ದು ನಮ್ಮ ಪುಸ್ತಕಗಳು.

ಆದ್ದರಿಂದ ಈ ಜೋಡಿ ನನಗೆ ಹ್ಯಾನ್ಕಾಕ್–ಕೊರಿಯರ ಸಾಲಿನದಾಗಿ ಕಾಣುತ್ತದೆ: ಒಂದೇ ಮನೆಯಲ್ಲಿ ಕಲಿತವರು, ಹೆಸರು ಬರೆಯದಿದ್ದರೆ ಬೇರ್ಪಡಿಸಲಾಗದವರು. ಪೀಠದ ಹೆಸರು ಕೂಡ ಎಲ್ಲವನ್ನೂ ಹೇಳುವುದಿಲ್ಲ. ಇಡೀ ಮೂರ್ತಿ ಅವನದೋ, ಮುಖ ಮಾತ್ರ ಅವನದಾಗಿ ಬಳ್ಳಿಯ ಚಪ್ಪರ ಸಹಾಯಕರದೋ ಎಂಬುದು ಆ ಒಂದು ಸಾಲಿನಿಂದ ತಿಳಿಯದು. ಹಾಗಾಗಿ ಹೆಸರಿಲ್ಲದ ಮದನಿಕೆಯರನ್ನು ಇವರಿಬ್ಬರಿಗೆ ಹಂಚುವ ಮೊದಲು ಹೆಸರಿರುವ ಒಂಬತ್ತನ್ನು ಮಾತ್ರ ತೆಗೆದುಕೊಳ್ಳಬೇಕು. ಅವುಗಳ ಕಿವಿ, ಕಾಲ್ಬೆರಳು, ಎಲೆಯ ಅಂಚು, ಅಂದರೆ ವಸ್ತುವಿಗೆ ತಕ್ಕಂತೆ ಬದಲಾಗದೆ ಕೈ ತಾನಾಗಿ ಮಾಡುವ ಭಾಗಗಳನ್ನು, ಒಂದೇ ಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ಹೋಲಿಸಬೇಕು. ನಾಲ್ಕು ಒಂದು ಕಡೆ, ಐದು ಇನ್ನೊಂದು ಕಡೆ ತಾವಾಗಿಯೇ ಗುಂಪುಗೂಡಿದರೆ ಮಾತ್ರ ಉಳಿದವುಗಳ ಮಾತೆತ್ತಬಹುದು.