ಗುಡ್ಡಕ್ಕೆ ಮೇಕೆ ಬಂದ ಕತೆ

ಮೇ ತಿಂಗಳಲ್ಲಿ ಓಕ್‌ಲ್ಯಾಂಡ್ ಗುಡ್ಡದ ಮೇಲಿನ ಒಂದು ಮನೆಗೆ ವೈರಿಂಗ್ ಕೆಲಸಕ್ಕೆ ಹೋಗಿದ್ದೆ. ಹಿಂದಿನ ಇಳಿಜಾರಿನಲ್ಲಿ ನೂರಾರು ಮೇಕೆಗಳು, ಸುತ್ತ ಬಲೆಯಂಥ ಕರೆಂಟು ಬೇಲಿ, ಪಕ್ಕಕ್ಕೊಂದು ಸಣ್ಣ ಸೋಲಾರ್ ಪ್ಯಾನೆಲ್. ಬೇಸಿಗೆಗೆ ಮುಂಚೆ ಮೇಯಿಸಿಬಿಟ್ಟರೆ ಬೆಂಕಿಗೆ ಉರಿಯೋಕೆ ಕಡಿಮೆ ಸಿಗುತ್ತೆ, ಇದೊಂದು ಹೊಸ ಐಡಿಯಾ ಅಂದರು ಮನೆಯವರು. ಹಿರಿಯೂರು ಕಡೆ ಕುರಿಮಂದೆ ನೋಡಿ ಬೆಳೆದ ನನಗೆ ಕುತೂಹಲ ಹುಟ್ಟಿತು. ಓದಿದರೆ, ಅಷ್ಟೇನೂ ಹೊಸದಲ್ಲ.

ಇಲ್ಲಿನ ಮೂಲ ನಿವಾಸಿಗಳಾದ ಓಲೋನಿ ಜನ ಹುಲ್ಲುಗಾವಲಿಗೆ ತಾವೇ ಸಣ್ಣ ಬೆಂಕಿ ಹಾಕ್ತಿದ್ದರು. ಒಣಗಿದ್ದು ಸುಟ್ಟು ಹೊಸ ಚಿಗುರು ಬರ್ತಿತ್ತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಾಕ್ತಿದ್ದ ತರಗು ಬೆಂಕಿಯೂ ಇದೇ ಥರದ್ದು. ಅಲ್ಲಿ ಕಾಡು ಅಭಯಾರಣ್ಯ ಆದಮೇಲೆ ಅದು ನಿಂತಿತು. ಇಲ್ಲಿ ಇನ್ನೂ ಮುಂಚೆ, 1793ರಲ್ಲೇ, ಸ್ಪೇನಿನ ಗವರ್ನರ್ ಅರಿಯಾಗಾ ಬೆಂಕಿ ಹಾಕಬಾರದು ಅಂತ ಆಜ್ಞೆ ಹೊರಡಿಸಿದ. ನಾಲ್ಕು ವರ್ಷಕ್ಕೆ ಮಿಷನ್ ಸ್ಯಾನ್ ಹೋಸೆ ಶುರುವಾಯ್ತು. ಫ್ರೀಮಾಂಟ್‌ನಲ್ಲಿರೋ ನಮ್ಮವರು ದಿನಾ ಓಡಾಡುವ ಮಿಷನ್ ಬುಲೆವಾರ್ಡ್‌ನಲ್ಲೇ ಇದೆ ಅದು. ಬೆಂಕಿ ಬಿಡಿಸಿ, ಅದೇ ಜನರ ಕೈಲಿ ದನ ಕಾಯಿಸಿದರು.

1820ರಲ್ಲಿ ಪೆರಾಲ್ಟಾ ಅನ್ನುವ ಸೈನಿಕನಿಗೆ ಈಗಿನ ಓಕ್‌ಲ್ಯಾಂಡ್, ಬರ್ಕ್‌ಲಿ ಸೇರಿ 44,000 ಎಕರೆಗೂ ಮೀರಿ ಇನಾಮು ಸಿಕ್ಕಿತು. ಚರ್ಮ, ಕೊಬ್ಬಿನ ವ್ಯಾಪಾರಕ್ಕೆ ಸಾವಿರಾರು ದನ. ಬೆಂಕಿ ಇಲ್ಲದಿದ್ದರೂ ಹುಲ್ಲು ತಿನ್ನೋಕೆ ಬಾಯಿ ಇತ್ತು. ಚಿನ್ನದ ಕಾಲ ಬಂದು ಊರು ಬೆಳೆದಾಗ ದನ ಹೋದವು, ಮನೆಗಳು ಗುಡ್ಡ ಹತ್ತಿದವು. ಸಾಲದ್ದಕ್ಕೆ ನೀಲಗಿರಿ ನೆಟ್ಟರು. ಅದರ ಒಣ ತೊಗಟೆ ಹೇಗೆ ಹತ್ತಿಕೊಳ್ಳುತ್ತೆ ಅಂತ ನಮಗೆ ಹೇಳಿಕೊಡಬೇಕಾ?

1923ರ ಸೆಪ್ಟೆಂಬರಲ್ಲಿ ಬರ್ಕ್‌ಲಿಯ ಸುಮಾರು 600 ಕಟ್ಟಡ ಸುಟ್ಟವು. 1991ರ ಅಕ್ಟೋಬರ್ 19ರಂದು ಓಕ್‌ಲ್ಯಾಂಡ್ ಗುಡ್ಡದಲ್ಲಿ ಹುಲ್ಲಿಗೆ ಬೆಂಕಿ ಬಿತ್ತು. ಆರಿತು ಅಂದುಕೊಂಡರು. ಮರುದಿನ ಭಾನುವಾರ ಬಿಸಿಗಾಳಿಗೆ ಕೆಂಡ ಮತ್ತೆ ಹತ್ತಿಕೊಂಡು 25 ಜನ ಸತ್ತರು, 3,000ಕ್ಕೂ ಹೆಚ್ಚು ಮನೆ ಹೋದವು. ಈಗ ನಗರದವರೂ ಈಸ್ಟ್ ಬೇ ಪಾರ್ಕ್‌ನವರೂ ಮೇಕೆ ಮೇಯಿಸ್ತಾರೆ. ದನ ಹುಲ್ಲು ತಿಂದರೆ, ಮೇಕೆ ಹಿಂಗಾಲಲ್ಲಿ ನಿಂತು ಮುಳ್ಳುಪೊದೆಯನ್ನೂ ಬಿಡಲ್ಲ. ನೆಲದ ಬೆಂಕಿ ಮರ ಹತ್ತೋ ಏಣಿ ಆ ಪೊದೆಗಳೇ. ಆದರೆ ಜಾಸ್ತಿ ದಿನ ಬಿಟ್ಟರೆ ಎಳೆ ಓಕ್ ಗಿಡದ ತೊಗಟೆಯೂ ಹೋಗುತ್ತೆ. ಮಳೆ ಬಂದರೆ ಮತ್ತೆ ಚಿಗುರುತ್ತೆ, ಪ್ರತಿ ವರ್ಷ ಮೇಯಿಸಲೇಬೇಕು.

ಅದಕ್ಕೆ ಕಾಯುವವರೂ ಬೇಕಲ್ಲ. ಈ ಕೆಲಸಕ್ಕೆ ಪೆರು ದೇಶದಿಂದ ಎಚ್-2ಎ ಅನ್ನುವ ತಾತ್ಕಾಲಿಕ ವೀಸಾದಲ್ಲಿ ಬಹಳ ಜನ ಬರ್ತಾರೆ. ಹಗಲು ರಾತ್ರಿ ಮಂದೆ ಜತೆ ಇರುವವರಿಗೆ ಗಂಟೆ ಲೆಕ್ಕದ ಸಂಬಳವೋ ತಿಂಗಳ ಸಂಬಳವೋ ಅಂತ ಇಲ್ಲಿ ವರ್ಷಗಟ್ಟಲೆ ಜಗ್ಗಾಟ ನಡೆದಿದೆ. ಆವತ್ತು ಸಿಕ್ಕವನೂ ಪೆರುವಿನವನೇ. ಬೇಲಿಯಲ್ಲಿ ಶಾಕ್ ಕಡಿಮೆ ಅಂದ. ನೋಡಿದರೆ ಅರ್ಥಿಂಗ್ ರಾಡ್ ಒಣ ಮಣ್ಣಲ್ಲಿತ್ತು. ಬುಡಕ್ಕೆ ಎರಡು ಬಕೆಟ್ ನೀರು ಸುರಿದೆವು, ಸರಿಯಾಯ್ತು. ಊರಿಗೆ ಯಾವಾಗ ಅಂತ ನನ್ನ ಮುರುಕು ಸ್ಪ್ಯಾನಿಷ್‌ನಲ್ಲಿ ಕೇಳಿದೆ. ಮೊದಲು ಇನ್ನೆರಡು ಗುಡ್ಡ ಮುಗೀಬೇಕು ಅಂದ.